ಅಜ್ಜಿ-ತಾತ ತಮ್ಮ ಮನೇಲೇ, ತಮ್ಮ ಕೈಯಾರೆ ಬದುಕೋಕೆ ನಾವು ಏನೇನು ಮಾಡ್ಬಹುದು: ಒಂದೊಂದೇ ಹಂತ

ನಮ್ಮಜ್ಜಿಗೆ ಈಗ 81, ತಾತಂಗೆ 88. ತಿಪಟೂರಿನ ಪಕ್ಕದ ಹಳ್ಳೀಲಿ ತಮ್ಮದೇ ಮನೇಲಿ ಇಬ್ರೇ ಇದಾರೆ, ಹಿಂದೆ ಒಂದಷ್ಟು ತೆಂಗಿನ ಮರ, ಮುಂದೆ ತುಳಸಿ ಕಟ್ಟೆ, ಕೂಗಿದ್ರೆ ಎದುರು ಮನೆಯವ್ರಿಗೆ ಕೇಳಿಸೋ ಅಷ್ಟು ಹತ್ರ. ನಾಲ್ಕು ವರ್ಷದ ಹಿಂದೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡ್ರು. ಅವತ್ತೇ ಸಂಜೆ ನಾವು ಮಕ್ಕಳು ಮೊಮ್ಮಕ್ಕಳೆಲ್ಲ ಫೋನಲ್ಲೇ ಮಾತಾಡ್ಕೊಂಡು ಇನ್ಮೇಲೆ ಇಬ್ರೇ ಇರೋದು ಬೇಡ ಅಂತ ತೀರ್ಮಾನ ಮಾಡಿ ಬೆಂಗಳೂರಿನ ಫ್ಲಾಟಿಗೆ ಕರ್ಕೊಂಡು ಬಂದ್ಬಿಟ್ವಿ, ಅವ್ರನ್ನ ಒಂದು ಮಾತೂ ಕೇಳ್ಲಿಲ್ಲ. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದ್ರು, ಕೈ ಕೂಡ್ಕೊಂಡಿತ್ತು. ಆದ್ರೆ ಅಷ್ಟರಲ್ಲಿ, ಬೆಳಗ್ಗೆ ಐದಕ್ಕೇ ಎದ್ದು ಅಂಗಳ ಸಾರಿಸ್ತಿದ್ದ ಅಜ್ಜಿ ನಮ್ಮ ಅಡುಗೆಮನೆ ಬಾಗ್ಲಲ್ಲಿ ನಿಂತು "ಒಂಚೂರು ಕಾಫಿ ಮಾಡ್ಕೊಳ್ಲಾ?" ಅಂತ ಕೇಳೋ ಹಂಗೆ ಆಗಿದ್ರು. ಪೋಸ್ಟಾಫೀಸಲ್ಲಿ ಇಡೀ ಜೀವನ ಲೆಕ್ಕ ಬರ್ದಿದ್ದ ತಾತ ಇವತ್ತು ಯಾವ ವಾರ ಅಂತಾನೂ ವಿಚಾರಿಸೋದು ಬಿಟ್ಟಿದ್ರು. ಬರುವಾಗ ತಾವೇ ನಡ್ಕೊಂಡು ಬಂದಿದ್ದೋರು ಮೂರನೇ ತಿಂಗಳಿಗೆ ಗೋಡೆ ಹಿಡ್ಕೊಂಡು ಓಡಾಡ್ತಿದ್ರು, ಯಾಕಂದ್ರೆ ನಾವು ಅವ್ರಿಗೆ ಏಳೋಕೆ ಒಂದು ಕಾರಣಾನೂ ಉಳ್ಸಿರ್ಲಿಲ್ಲ, ನೀರು ಬೇಕು ಅನ್ನೋ ಮುಂಚೆ ಲೋಟ ಕೈಗೆ ಬರ್ತಿತ್ತು.

ಐದನೇ ತಿಂಗಳು ವಾಪಸ್ ಊರಿಗೆ ಬಿಟ್ವಿ. ಬಿಡೋಕ್ ಮುಂಚೆ ಮತ್ತೆ ಬಿಟ್ಟಾದ್ಮೇಲೆ ಏನೇನು ಮಾಡಿದ್ವಿ, ಯಾವ್ದು ಉಪಯೋಗಕ್ಕೆ ಬಂತು ಅನ್ನೋದನ್ನೇ ಇಲ್ಲಿ ಬರೀತಿದೀನಿ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಇಡೀ ಬರಹ ಅದರ ಮೇಲೇ ನಿಂತಿದೆ: ಕೆಲಸಾನ ಅವ್ರ ಕೈಯಿಂದ ಕಿತ್ಕೋಬೇಡಿ, ಆ ಕೆಲಸದ ದಾರೀಲಿರೋ ಅಪಾಯ ಮಾತ್ರ ತೆಗೀರಿ. ಅಂಗಳ ಗುಡಿಸೋದು ಅಪಾಯ ಅಲ್ಲ, ಅಂಗಳಕ್ಕೆ ಇಳಿಯೋ ಒಡೆದಿರೋ ಮೆಟ್ಲು ಅಪಾಯ. ಇದು ತಲೇಲಿದ್ರೆ ಮುಂದಿನದೆಲ್ಲ ತಾನಾಗೇ ಹೊಳೆಯತ್ತೆ.

ಹಂತ 1: ಎರಡು ದಿನ ಸುಮ್ನೆ ಅವ್ರ ಜೊತೆ ಇದ್ದು ನೋಡಿ

ಹೋದ ತಕ್ಷಣ ಡ್ರಿಲ್ಲಿಂಗ್ ಮಷೀನ್ ಎತ್ಕೋಬೇಡಿ. ಎರಡು ರಾತ್ರಿ ಉಳ್ಕೊಳ್ಳಿ, ರಾತ್ರಿ ಅಂತ ಯಾಕ್ ಹೇಳ್ತಿದೀನಿ ಅಂದ್ರೆ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಎದ್ದು ಹೋಗೋ ದಾರಿ ಹೆಂಗಿದೆ ಅನ್ನೋದು ಹಗಲು ನೋಡಿದ್ರೆ ಗೊತ್ತಾಗಲ್ಲ. ಏಳೋವಾಗ ಏನ್ ಹಿಡ್ಕೊಂಡು ಏಳ್ತಾರೆ, ಎಲ್ಲಿ ಒಂದು ಕ್ಷಣ ತಡೆದು ನಿಲ್ತಾರೆ, ಯಾವ ಡಬ್ಬಿ ಇಳಿಸೋಕೆ ತುದಿಗಾಲಲ್ಲಿ ನಿಲ್ತಾರೆ, ಯಾವ ಕೆಲಸ ಮಾಡೋದನ್ನೇ ಸದ್ದಿಲ್ಲದೆ ಬಿಟ್ಬಿಟ್ಟಿದಾರೆ, ಎಲ್ಲ ನೋಡಿ. ಗೋಡೆ ಮೇಲೆ ಕೈ ಒರಗಿಸಿ ಒರಗಿಸಿ ಎಣ್ಣೆ ಮಸಿ ಕಲೆ ಆಗಿರೋ ಜಾಗ ಇದ್ರೆ ಹಿಡಿಕೆ ಹಾಕ್ಬೇಕಾದ್ದು ಅಲ್ಲೇ, ಬೇರೆ ಎಂಜಿನಿಯರ್ ಬೇಡ.

ಆಮೇಲೆ ಕೂತು ಕೇಳಿ. "ಏನ್ ಕಷ್ಟ ಆಗ್ತಿದೆ?" ಅಂದ್ರೆ ಏನೂ ಇಲ್ಲ ಕಣೋ ಅಂತಾರೆ, ನಮ್ಮ ಹಿರಿಯರು ಹೇಳ್ಕೊಳ್ಳೋರಲ್ಲ. "ಯಾವ ಕೆಲಸ ಮಾತ್ರ ಬೇರೆ ಯಾರ ಕೈಗೂ ಕೊಡಲ್ಲ?" ಅಂತ ಕೇಳಿ. ನಮ್ಮಜ್ಜಿ ಹೇಳಿದ್ದು ಮೂರು: ಬೆಳಗಿನ ಕಾಫಿ, ತುಳಸಿ ಪೂಜೆ, ವಾರದ ಸಂತೆಗೆ ಹೋಗಿ ತರಕಾರಿ ತಾವೇ ಆರಿಸೋದು. ತಾತ ಹೇಳಿದ್ದು ಎರಡು: ತೆಂಗಿನಕಾಯಿ ಲೆಕ್ಕ, ಪೆನ್ಷನ್ ದುಡ್ಡು. ನಮ್ಮ ಕೆಲಸ ಎಲ್ಲ ಈ ಐದನ್ನ ಕಾಪಾಡೋದೇ ಆಯ್ತು, ಬಟ್ಟೆ ಒಗೆಯೋದು ನೆಲ ಒರೆಸೋದನ್ನ ಅವ್ರೇ ಖುಷಿಯಾಗಿ ಬಿಟ್ಕೊಟ್ರು. ಎಲ್ಲಾದನ್ನೂ ತಾವೇ ಮಾಡ್ಬೇಕು ಅಂತ ಅವ್ರಿಗೂ ಇಲ್ಲ ಕಣ್ರೀ, ಯಾವ್ದನ್ನ ಬಿಡ್ಬೇಕು ಅಂತ ತಾವು ಹೇಳ್ಬೇಕು ಅಷ್ಟೇ.

ಹಂತ 2: ಮನೆ ರಿಪೇರಿಗೆ ಮುಂಚೆ ಕಣ್ಣು, ಕಿವಿ, ಕಾಲು, ಮಾತ್ರೆ

ಬಿದ್ದಿದ್ದಕ್ಕೆ ಬಚ್ಚಲನ್ನ ಬೈದ್ವಿ, ಆಮೇಲೆ ನೋಡಿದ್ರೆ ಅಜ್ಜಿ ಎಡಗಣ್ಣಲ್ಲಿ ಪೊರೆ ಚೆನ್ನಾಗಿ ಬಲಿತಿತ್ತು. ಪೊರೆ ಆಪರೇಷನ್ ಅವತ್ತೇ ಮಾಡಿ ಅವತ್ತೇ ಮನೆಗೆ ಕಳಿಸ್ತಾರೆ, ವಯಸ್ಸಾಯ್ತು ಇನ್ಯಾಕೆ ಅಂತ ಮುಂದಕ್ಕೆ ಹಾಕ್ಬೇಡಿ. ಕಿವಿ ವಿಷಯಕ್ಕೆ ಮೈಸೂರಿನ ಮಾನಸಗಂಗೋತ್ರೀಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು, ಟೆಸ್ಟ್ ಮಾಡಿ ಯಾವ ಮಷೀನ್ ಹೊಂದತ್ತೆ ಅಂತ ಅವ್ರೇ ಹೇಳ್ತಾರೆ. ಅಂಗಡೀಲಿ ಸಿಕ್ಕ ಮಷೀನ್ ತಂದು ಕಿವಿಗೆ ಇಟ್ರೆ ಬರೀ ಗದ್ದಲ ಕೇಳಿಸಿ ಎರಡೇ ದಿನಕ್ಕೆ ಡಬ್ಬಿ ಸೇರತ್ತೆ. ಬಿಪಿಎಲ್ ಕಾರ್ಡ್ ಇರೋ 60 ದಾಟಿದವ್ರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ ಅಂತ 2017ರಿಂದ ಇದೆ, ಕ್ಯಾಂಪ್ ಮಾಡಿ ಊರುಗೋಲು, ವಾಕರ್, ಕಿವಿ ಮಷೀನ್, ಕನ್ನಡಕ, ಹಲ್ಲಿನ ಸೆಟ್, ವೀಲ್‌ಚೇರ್ ಫ್ರೀಯಾಗಿ ಕೊಡ್ತಾರೆ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರೀಲಿ ವಿಚಾರಿಸಿ.

ಮಾತ್ರೆ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಬಿಪಿ ಡಾಕ್ಟ್ರು ಒಂದು ಬರೀತಾರೆ, ಮೂಳೆ ಡಾಕ್ಟ್ರು ಇನ್ನೊಂದು, ನಿದ್ದೆ ಬರಲ್ಲ ಅಂತ ಮೆಡಿಕಲ್ ಸ್ಟೋರಲ್ಲಿ ಕೇಳಿ ತಗೊಂಡಿದ್ದು ಮತ್ತೊಂದು, ಎಲ್ಲಾನೂ ಒಟ್ಟಿಗೆ ಯಾರೂ ನೋಡಿರಲ್ಲ. ಇರೋ ಬರೋ ಎಲ್ಲ ಸ್ಟ್ರಿಪ್ಪು, ಟಾನಿಕ್ಕು, ಆಯುರ್ವೇದದ ಡಬ್ಬಿ ಸಮೇತ ಒಂದು ಚೀಲಕ್ಕೆ ಹಾಕ್ಕೊಂಡು ಒಬ್ರೇ ಡಾಕ್ಟ್ರ ಟೇಬಲ್ ಮೇಲೆ ಸುರೀರಿ, "ಇದರಲ್ಲಿ ಯಾವ್ದನ್ನ ನಿಲ್ಲಿಸ್ಬಹುದು?" ಅಂತ ಕೇಳಿ. ನಾವಾಗೇ ನಿಲ್ಲಿಸೋದು ಬೇಡ. ನಿದ್ದೆ ಮಾತ್ರೆ, ಕೆಲವು ಬಿಪಿ ಮಾತ್ರೆ ತಗೊಂಡೋರು ಎದ್ದ ತಕ್ಷಣ ಬಿಪಿ ಇಳಿದು ಕಣ್ಣು ಕತ್ಲೆ ಬಂದು ಬೀಳೋದು ತುಂಬಾ ಸಾಮಾನ್ಯ, ಅದಕ್ಕೆ ಮಲಗಿದಾಗ ಒಂದ್ಸಲ, ಎದ್ದು ನಿಂತಾಗ ಒಂದ್ಸಲ ಬಿಪಿ ನೋಡಿ ಅಂತ ಕೇಳ್ಕೊಳ್ಳಿ. ಮನೇಲಿ ಒಂದೇ ರೂಲು: ಏಳೋ ಮುಂಚೆ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತ್ಕೋಬೇಕು. ನಮ್ಮ ತಾತ ಆ ಎರಡು ನಿಮಿಷದಲ್ಲಿ ವಿಷ್ಣು ಸಹಸ್ರನಾಮದ ಮೊದಲ ಶ್ಲೋಕಗಳನ್ನ ಹೇಳ್ಕೋತಾರೆ, ಟೈಮರ್ ಬೇಕಾಗೇ ಇಲ್ಲ.

ಸಸ್ಯಾಹಾರಿ ಮನೆಗಳಲ್ಲಿ ವಿಟಮಿನ್ ಬಿ12 ಕಮ್ಮಿ ಇರೋದು ಜಾಸ್ತಿ, ಪಾದ ಜುಂ ಅನ್ನೋದು, ನಡೆಯುವಾಗ ತೂಗಾಡೋದು ವಯಸ್ಸಿಂದ ಅಂತ ನಾವು ಅನ್ಕೊಂಡಿರ್ತೀವಿ, ಅದು ಬಿ12 ಇಂದಾನೂ ಇರ್ಬಹುದು. ಒಂದು ರಕ್ತ ಪರೀಕ್ಷೆ ಸಾಕು. ಜೊತೆಗೆ ವಿಟಮಿನ್ ಡಿ ಕೂಡ ನೋಡ್ಸಿ.

ಮನೇಲೇ ಮಾಡೋ ಒಂದು ಪರೀಕ್ಷೆ ಇದೆ. ಕುರ್ಚೀಲಿ ಕೂರಿಸಿ, ಅಲ್ಲಿಂದ 3 ಮೀಟರ್ ದೂರಕ್ಕೆ ಒಂದು ಸೀಮೆಸುಣ್ಣದ ಗೆರೆ ಎಳೀರಿ, ಎದ್ದು ಮಾಮೂಲಿ ನಡಿಗೇಲಿ ಗೆರೆ ತನಕ ಹೋಗಿ ತಿರುಗಿ ಬಂದು ಕೂರೋಕೆ 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ನೀವು ಪಕ್ಕದಲ್ಲೇ ನಿಂತಿರಿ. ಅಜ್ಜಿ ಬೆಂಗಳೂರಿಂದ ವಾಪಸ್ ಹೋದಾಗ 19 ಸೆಕೆಂಡ್ ತಗೊಂಡಿದ್ರು, ಊರಲ್ಲಿ ಅಂಗಳ-ಬಾವಿಕಟ್ಟೆ ಅಂತ ಓಡಾಡಿ ಓಡಾಡಿ ಆರು ತಿಂಗಳಿಗೆ 13ಕ್ಕೆ ಬಂದ್ರು.

ಹಂತ 3: ಬಚ್ಚಲುಮನೆ, ದುಡ್ಡು ಖರ್ಚು ಮಾಡೋದಾದ್ರೆ ಮೊದ್ಲು ಇಲ್ಲಿ

ನಮ್ಮ ಕಡೆ ಹಳೇ ಬಚ್ಚಲು ಅಂದ್ರೆ ನಿಮಗೇ ಗೊತ್ತು, ಕಪ್ಪಗೆ ನುಣುಪಾದ ಕಲ್ಲು ಇಲ್ಲಾ ರೆಡ್ ಆಕ್ಸೈಡ್ ನೆಲ, ಮೂಲೇಲಿ ಹಂಡೆ, ಸೋಪು ನೀರು, ಸೀಗೆಪುಡಿ, ಎಣ್ಣೆ ನೀರಿನ ದಿನ ಎಣ್ಣೆ. ಇಷ್ಟೂ ಸೇರಿದ್ರೆ 30 ವರ್ಷದವ್ರೂ ಜಾರ್ತಾರೆ.

ನೆಲ ಪೂರ್ತಿ ಕಿತ್ತು ಜಾರದಿರೋ ಆ್ಯಂಟಿಸ್ಕಿಡ್ ಟೈಲ್ ಹಾಕೋಕೆ ಆದ್ರೆ ಹಾಕಿ, ಆಗ್ದಿದ್ರೆ ತೂತು ತೂತಿರೋ ದಪ್ಪ ರಬ್ಬರ್ ಮ್ಯಾಟ್ ಸಾಕು, ಕೆಳಗೆ ಸಕ್ಷನ್ ಕಪ್, ಅಂದ್ರೆ ಗಾಳಿ ಎಳ್ಕೊಂಡು ನೆಲಕ್ಕೆ ಕಚ್ಕೊಳ್ಳೋ ರಬ್ಬರ್ ಬಟ್ಟಲು ಇರ್ಬೇಕು, ಆದ್ರೆ ಅದು ಒರಟು ನೆಲಕ್ಕೆ ಕಚ್ಚಲ್ಲ, ತಗೊಳ್ಳೋ ಮುಂಚೆ ನಿಮ್ಮ ನೆಲ ನೋಡ್ಕೊಳ್ಳಿ. ವಾರಕ್ಕೊಂದ್ಸಲ ಎತ್ತಿ ತೊಳೆದು ಬಿಸಿಲಿಗೆ ಹಾಕ್ದೆ ಇದ್ರೆ ಮ್ಯಾಟ್ ಅಡೀಲೇ ಪಾಚಿ ಕಟ್ಟತ್ತೆ, ಆವಾಗ ಮ್ಯಾಟೇ ಜಾರಿಸತ್ತೆ.

ಹಿಡಿಕೆ. ಸ್ಟೀಲಿಂದು, ಮುಷ್ಟಿ ತುಂಬ ಹಿಡಿಯೋಕೆ ಆಗೋ ದಪ್ಪ, ಒಂದೂವರೆ ಇಂಚಿಗಿಂತ ದಪ್ಪ ಬೇಡ, ಗೋಡೆಗೂ ಹಿಡಿಕೆಗೂ ಮಧ್ಯ ಒಂದೂವರೆ ಇಂಚು ಸಂದು. ಎತ್ತರ ನೆಲದಿಂದ 80-90 ಸೆಂಟಿಮೀಟರ್ ಅಂತ ಹೇಳ್ತಾರೆ, ಆದ್ರೆ ನಮ್ಮ ಅಜ್ಜಿಯರು ಕುಳ್ಳಗಿರ್ತಾರೆ, ಹಂಗಾಗಿ ಅವ್ರನ್ನೇ ನಿಲ್ಲಿಸಿ ಕೈ ಎಲ್ಲಿಗೆ ಹೋಗತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಸಕ್ಷನ್ ಕಪ್ಪಿನ ಹಿಡಿಕೆ ದಯವಿಟ್ಟು ಬೇಡವೇ ಬೇಡ, ಇಡೀ ಮೈ ಭಾರ ಬಿದ್ದಾಗ ಕಿತ್ಕೊಂಡು ಬರತ್ತೆ, ಅದನ್ನ ನಂಬಿ ಹಿಡಿದೋರು ಇನ್ನೂ ಜೋರಾಗಿ ಬೀಳ್ತಾರೆ. ಟವೆಲ್ ರಾಡೂ ಅಷ್ಟೇ. ಇಟ್ಟಿಗೆ ಗೋಡೆ ಒಳಗೆ ಹೋಗೋ ಉದ್ದ ಆಂಕರ್ ಬೋಲ್ಟ್ ಬೇಕು, ಮಣ್ಣಿನ ಗೋಡೆ ಆಗಿದ್ರೆ ಆ ಜಾಗದಲ್ಲಿ ಸಿಮೆಂಟ್ ತುಂಬಿಸಿ ವಾರ ಬಿಟ್ಟು ಬಿಗಿಸಿ. ಬಿಗಿಸಿದ್ಮೇಲೆ ನೀವೇ ಜೋತು ಬಿದ್ದು ನೋಡಿ, ಆಮೇಲೆ ಅವ್ರಿಗೆ ಕೊಡಿ.

ಸ್ನಾನಕ್ಕೆ ಬೆನ್ನಿರೋ, ಕಾಲಿಗೆ ರಬ್ಬರ್ ಇರೋ ಸ್ಟೂಲು. ಮೊದ್ಲು ಅಜ್ಜಿ ಮಣೆ ಬಿಡಲ್ಲ ಅಂದ್ರು, ಮಣೆ ಮೇಲಿಂದ ಏಳೋವಾಗ ಮಂಡಿ ಹಿಡಿಯತ್ತೆ ಅಂತ ಅವ್ರಿಗೇ ಗೊತ್ತಿತ್ತು, ಆದ್ರೂ ಕುರ್ಚಿ ಮೇಲೆ ಕೂತು ಸ್ನಾನ ಮಾಡೋದು ಅಂದ್ರೆ ರೋಗಿ ಥರ ಅನ್ನಿಸ್ತಿತ್ತು. ಬಲವಂತ ಮಾಡ್ಲಿಲ್ಲ, ಬಡಗಿ ಹತ್ರ ಸಾಗವಾನಿ ಮಣೇನೇ ಒಂದೂಕಾಲು ಅಡಿ ಎತ್ತರ ಮಾಡ್ಸಿ, ಕಾಲಿಗೆ ರಬ್ಬರ್ ಬುಷ್ ಹಾಕ್ಸಿ ಕೊಟ್ವಿ. ಅದು ಮಣೆ ಅಲ್ವಾ, ಒಪ್ಕೊಂಡ್ರು. ಇಂಥ ಜಾಗದಲ್ಲಿ ಸ್ವಲ್ಪ ಅವ್ರ ದಾರೀಲೇ ಹೋಗಿ ಯೋಚನೆ ಮಾಡಿದ್ರೆ ಅರ್ಧ ಜಗಳ ಇರಲ್ಲ.

ಹಂಡೆಯಿಂದ ಕುದಿಯೋ ನೀರು ಬಕೆಟ್ಟಿಗೆ ಎತ್ತೋದನ್ನ ನಿಲ್ಲಿಸ್ಬೇಕು, ವಯಸ್ಸಾದ ಚರ್ಮ ಬೇಗ ಸುಡತ್ತೆ. ಸೋಲಾರ್ ಅಥವಾ ಗೀಸರ್ ಹಾಕ್ಸಿ, ಗೀಸರಿನ ಥರ್ಮೋಸ್ಟ್ಯಾಟ್ (ಬಿಸಿ ಎಷ್ಟಿರ್ಬೇಕು ಅಂತ ಹೊಂದಿಸೋದು) 50 ಡಿಗ್ರಿ ಒಳಗೆ ಇಡಿ, ಬಕೆಟ್ಟಿಗೆ ಮೊದ್ಲು ತಣ್ಣೀರು ಆಮೇಲೆ ಬಿಸಿನೀರು. ಬಕೆಟ್ಟನ್ನೂ ಒಂದಡಿ ಎತ್ತರದ ಕಟ್ಟೆ ಮೇಲೆ ಇಟ್ರೆ ಬಗ್ಗೋದು ತಪ್ಪತ್ತೆ.

ಟಾಯ್ಲೆಟ್ ಇಂಡಿಯನ್ ಇದ್ರೆ ಒಡೆಯೋಕ್ ಮುಂಚೆ ಕೇಳಿ. ತಾತಂಗೆ ವೆಸ್ಟರ್ನ್ ಬೇಕಿತ್ತು, ಅಜ್ಜಿಗೆ ಬೇಡ. ಇಂಡಿಯನ್ ಮೇಲೆ ಇಡೋ ಸ್ಟೀಲ್ ಸ್ಟ್ಯಾಂಡ್ ಕಮೋಡ್ ಸಿಗತ್ತೆ, ಅದನ್ನ ತಂದ್ವಿ, ಬೇಕಾದೋರು ಇಟ್ಕೋತಾರೆ, ಆದ್ರೆ ಎರಡೂ ಕಡೆ ಗೋಡೆಗೆ ಹಿಡಿಕೆ ಮಾತ್ರ ಬೇಕೇ ಬೇಕು. ಚಿಲಕ ಒಳಗಿಂದ ಹಾಕಿದ್ರೂ ಹೊರಗಿಂದ ತೆಗೆಯೋ ಥರದ್ದು ಇರ್ಲಿ.

ಹಂತ 4: ಉಳಿದ ಮನೆ

ಹೊಸ್ತಿಲು. ನಮ್ಮ ಹಳೇ ಮನೆಗಳ ಹೊಸ್ತಿಲು ಅರ್ಧ ಅಡಿ ಎತ್ತರ ಇರತ್ತೆ, ಯಾವ್ದೇ ಗೈಡ್ ಓದಿದ್ರೂ ತೆಗೀರಿ ಅಂತ ಇರತ್ತೆ. ದಿನಾ ಅರಿಶಿನ ಕುಂಕುಮ ಇಡೋ ಹೊಸ್ತಿಲನ್ನ ಕೀಳ್ತೀನಿ ಅಂತ ನಿಮ್ಮಜ್ಜಿ ಮುಂದೆ ಹೇಳ್ಬೇಡಿ. ಎರಡೂ ಕಡೆ ಬಾಗ್ಲು ಚೌಕಟ್ಟಿಗೆ ನೇರ ನಿಂತಿರೋ ಹಿಡಿಕೆ ಹಾಕಿ, ಒಳಗಡೆ ಹೊರಗಡೆ ಎರಡಕ್ಕೂ ಒಂದೊಂದು ಅಗಲದ ಅರೆಮೆಟ್ಲು ಕಟ್ಸಿ, ಅಂಚಿಗೆ ಹಳದಿ ಪೇಂಟ್ ಬಳೀರಿ ಎದ್ದು ಕಾಣೋ ಹಂಗೆ. ಅರಿಶಿನದ ಬಣ್ಣ ಅಂತ ಅಜ್ಜಿಗೂ ಸಮಾಧಾನ.

ಮಂಚದಿಂದ ಬಚ್ಚಲಿನ ತನಕ ಸೆನ್ಸರ್ ಲೈಟು, ಕಾಲಿಟ್ಟ ತಕ್ಷಣ ಹತ್ಕೊಳ್ಳೋದು, ಕರೆಂಟ್ ಹೋದ್ರೂ ಉರಿಯೋ ಹಂಗೆ ಚಾರ್ಜ್ ಆಗೋದೇ ತಗೊಳ್ಳಿ. ಮಂಚದ ಎತ್ತರ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ, ಮಂಡಿ ಸೊಂಟಕ್ಕಿಂತ ಒಂಚೂರು ಕೆಳಗಿರೋ ಅಷ್ಟು. ಬಾಗ್ಲ ಹತ್ರ ಹಾಕಿರೋ ಹಳೇ ಸೀರೆ ಕಾಲೊರಸು, ಚಾಪೆ, ನೆಲದ ಮೇಲೆ ಹರಿದಾಡೋ ಎಕ್ಸ್‌ಟೆನ್ಷನ್ ವೈರು, ಎಲ್ಲ ಅವತ್ತೇ ತೆಗೀರಿ.

ಅಡುಗೆಮನೇಲಿ ದಿನಾ ಬೇಕಾಗಿದ್ದೆಲ್ಲ ಸೊಂಟದಿಂದ ಭುಜದ ಎತ್ತರದ ಒಳಗೆ ಬರ್ಬೇಕು, ಅಟ್ಟಕ್ಕೆ ಹತ್ತೋ ಕಾರಣಾನೇ ಉಳೀಬಾರ್ದು. ಆದ್ರೆ ಡಬ್ಬಿ ಜೋಡ್ಸೋವಾಗ ಅಜ್ಜೀನೇ ಕೂರಿಸ್ಕೊಂಡು ಅವ್ರು ಹೇಳಿದ ಕಡೆ ಇಡಿ, ಹತ್ತಾರು ವರ್ಷದಿಂದ ಕಣ್ಣು ಮುಚ್ಕೊಂಡು ಕೈ ಹಾಕ್ತಿದ್ದ ಸಾಸಿವೆ ಡಬ್ಬಿ ಜಾಗ ನಾವು ಬದಲಾಯ್ಸಿದ್ರೆ ಅದೇ ಒಂದು ಹೊಸ ಕಷ್ಟ. ಗ್ಯಾಸ್ ಟ್ಯೂಬ್ ಆರೆಂಜ್ ಬಣ್ಣದ ಸುರಕ್ಷಾ ಟ್ಯೂಬೇ ಇರ್ಲಿ, ಅದರ ಮೇಲೆ ವರ್ಷ ಅಚ್ಚಾಗಿರತ್ತೆ, 5 ವರ್ಷಕ್ಕೆ ಬದಲಾಯ್ಸಿ. ಹಾಲು ಉಕ್ಕಿಸಿ ಮರೆಯೋದು ಶುರುವಾಗಿದ್ರೆ ಟೈಮರ್ ಇರೋ ಇಂಡಕ್ಷನ್ ಒಲೆ ಒಂದನ್ನ ಕಾಫಿಗೆ ಅಂತಾನೇ ಇಡಿ. ಅಜ್ಜಿ ಕಾಫಿ ಉಳಿದಿದ್ದು ಹಂಗೇನೇ.

ಹಂತ 5: ನಡಿಗೆ ಮತ್ತೆ ಊರುಗೋಲು

ಊರುಗೋಲು ಅಂದ್ರೆ ಸೋತ ಹಂಗೆ ಅಂತ ತುಂಬಾ ಜನ ಅನ್ಕೋತಾರೆ, ತಾತ ಎರಡು ವರ್ಷ ಛತ್ರೀನೇ ಊರ್ಕೊಂಡು ಓಡಾಡಿದ್ರು. ಛತ್ರಿ ತುದಿ ಜಾರತ್ತೆ. ಕೋಲಿನ ಅಳತೆ ಸುಲಭ, ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿದೆಯೋ ಕೋಲಿನ ಹಿಡಿ ಅಲ್ಲಿಗೆ ಬರ್ಬೇಕು. ನೋವಿರೋ ಕಾಲಿನ ಎದುರು ಕೈಯಲ್ಲಿ ಹಿಡೀಬೇಕು, ಅಂದ್ರೆ ಎಡ ಮಂಡಿ ನೋವಿದ್ರೆ ಬಲಗೈಲಿ. ಮೆಟ್ಲು ಹತ್ತುವಾಗ ಗಟ್ಟಿ ಕಾಲು ಮೊದ್ಲು, ಇಳಿಯುವಾಗ ನೋವಿನ ಕಾಲು ಮೊದ್ಲು. ತುದಿಯ ರಬ್ಬರ್ ಸವೆದು ನುಣ್ಣಗಾದ್ರೆ ಅವತ್ತೇ ಹೊಸದು ಹಾಕಿ.

ವ್ಯಾಯಾಮ ಅಂತ ಹೇಳಿದ್ರೆ ಮಾಡಲ್ಲ. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದನ್ನ ದಿನಕ್ಕೆ ಎರಡು ಸಲ, ಸಲಕ್ಕೆ ಐದರಿಂದ ಶುರು ಮಾಡಿ ಹತ್ತಕ್ಕೆ ತನ್ನಿ, ತೊಡೆ ಗಟ್ಟಿ ಇದ್ದೋರು ಟಾಯ್ಲೆಟ್ಟಿಂದ ತಾವೇ ಏಳ್ತಾರೆ. ನಮ್ಮಲ್ಲಿ ದೇವರಿಗೆ ನಮಸ್ಕಾರ ಅಂತ ಇದನ್ನ ಸೇರ್ಸಿದ್ವಿ. ಸಂಜೆ ದೇವಸ್ಥಾನದ ತನಕ ನಡಿಗೆ ಇದ್ದೇ ಇದೆ.

ಹೊರಗೆ ಓಡಾಡೋದನ್ನ ನಿಲ್ಲಿಸ್ಬೇಡಿ ಪ್ಲೀಸ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ್ಮೇಲೆ ಅಜ್ಜಿ ಆಧಾರ್ ಕಾರ್ಡ್ ಸೊಂಟಕ್ಕೆ ಸಿಕ್ಕಿಸ್ಕೊಂಡು ಅರಸೀಕೆರೆಗೆ ತಂಗಿ ಮನೆಗೆ ಹೋಗ್ಬರ್ತಾರೆ, ಟಿಕೆಟ್ ದುಡ್ಡು ಯಾರ ಹತ್ರಾನೂ ಕೇಳೋದು ಬೇಡ. ತಾತಂಗೆ ಕೆಎಸ್ಆರ್‌ಟಿಸಿಲಿ 60 ದಾಟಿದವ್ರ 25% ರಿಯಾಯಿತಿ ಇದೆ. ಜನ ಕಮ್ಮಿ ಇರೋ ಹನ್ನೊಂದು ಗಂಟೆ ಬಸ್ಸು, ಮುಂದಿನ ಸೀಟು, ಬಸ್ಸು ಪೂರ್ತಿ ನಿಂತ ಮೇಲೇ ಇಳಿಯೋದು, ಇಷ್ಟು ಮಾತಾಗಿದೆ ನಮ್ಮಲ್ಲಿ. ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೇಲಿ 80 ದಾಟಿದೋರಿಗೆ ಮನೇಲೇ ವೋಟ್ ಹಾಕೋ ಅವಕಾಶ ಬಂತು, 2024ರಲ್ಲಿ ಅದನ್ನ 85 ಅಂತ ಮಾಡಿದ್ರು, 12ಡಿ ಫಾರ್ಮ್ ತುಂಬಿ ಕೊಡ್ಬೇಕು. ನಾವು ಫಾರ್ಮ್ ತಂದ್ರೆ ತಾತ ಬೇಡ ಅಂದ್ರು, ಸ್ಕೂಲಿನ ತನಕ ನಡ್ಕೊಂಡೇ ಹೋಗಿ ಹಾಕಿ ಬಂದ್ರು. ಅನುಕೂಲ ಇದೆ ಅಂತ ತಿಳ್ಸೋದು ನಮ್ಮ ಕೆಲಸ, ಬೇಕೋ ಬೇಡ್ವೋ ಅನ್ನೋದು ಅವ್ರದ್ದು.

ಹಂತ 6: ದುಡ್ಡು ಅವ್ರ ಕೈಯಲ್ಲೇ ಇರ್ಲಿ

ಬಚ್ಚಲು ಸರಿ ಮಾಡ್ಸೋ ಮನೆಯವ್ರು ಕೂಡ ಇಲ್ಲಿ ತಪ್ಪು ಮಾಡ್ತಾರೆ, ನಾವೂ ಮಾಡಿದ್ವಿ. ಪೆನ್ಷನ್ ನಾವೇ ತೆಗೆದು ಖರ್ಚಿಗೆ ಅಂತ ತಾತನ ಕೈಗೆ ಕೊಡ್ತಿದ್ವಿ, ಅದು ಅವ್ರದ್ದೇ ದುಡ್ಡು, ಆದ್ರೂ ಕೈಚಾಚಿ ಇಸ್ಕೊಳ್ಳೋ ಹಂಗಾಯ್ತು. ದೈನ್ಯ ಇಲ್ದೆ ಬದುಕೋ ಹಂಗೆ ಮಾಡಪ್ಪಾ ಅಂತ ದಿನಾ ದೇವ್ರ ಮುಂದೆ ಕೇಳ್ಕೊಳ್ಳೋ ಮನುಷ್ಯ ಅವ್ರು.

ಅಕೌಂಟಿಗೆ ನಿಮ್ಮ ಹೆಸರು ಸೇರ್ಸೋದಾದ್ರೆ "ಐದರ್ ಆರ್ ಸರ್ವೈವರ್" ಅಂದ್ರೆ ಇಬ್ಬರಲ್ಲಿ ಯಾರು ಬೇಕಾದ್ರೂ ತೆಗೀಬಹುದು. "ಫಾರ್ಮರ್ ಆರ್ ಸರ್ವೈವರ್" ಅಂತ ಇನ್ನೊಂದಿದೆ, ಅದರಲ್ಲಿ ಮೊದಲ ಹೆಸರಿನವ್ರು ಇರೋ ತನಕ ಅವ್ರೊಬ್ರೇ ನಡೆಸ್ತಾರೆ, ಅವ್ರ ನಂತರ ಎರಡನೇಯವ್ರಿಗೆ. ಎಫ್‌ಡಿಗೆ ಎರಡನೇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಬ್ಯಾಂಕಿಗೆ ಹೋಗೋಕಾಗ್ದಿದ್ರೆ, 70 ದಾಟಿದೋರಿಗೆ ಮನೆ ಬಾಗ್ಲಿಗೇ ಸೇವೆ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಎಲ್ಲ ಬ್ಯಾಂಕಿಗೂ ಹೇಳಿದೆ, ಬ್ರಾಂಚಲ್ಲಿ ಕೇಳಿ, ಕೇಳ್ದೆ ಅವ್ರಾಗೇ ಹೇಳೋದು ಕಮ್ಮಿ. ಸರ್ಕಾರಿ ಪೆನ್ಷನ್ ಬರೋರು, ತಾವಿನ್ನೂ ಬದುಕಿದೀವಿ ಅಂತ ತೋರ್ಸೋ ಜೀವಂತ ಪ್ರಮಾಣಪತ್ರ ನವೆಂಬರಲ್ಲಿ ಕೊಡ್ಬೇಕು, ಕೇಂದ್ರ ಸರ್ಕಾರದ ಪೆನ್ಷನ್ನಿನವ್ರಿಗೆ 80 ದಾಟಿದ್ರೆ ಅಕ್ಟೋಬರ್ 1ರಿಂದಲೇ ಕೊಡ್ಬಹುದು. ಬೆರಳು ಸವೆದು ಮಷೀನ್ ಹಿಡಿಯಲ್ಲ ಅನ್ನೋರಿಗೆ ಮುಖ ತೋರ್ಸಿ ಮಾಡೋ ಜೀವನ್ ಪ್ರಮಾಣ್ ಆ್ಯಪ್ ಇದೆ, ಮೊಬೈಲಲ್ಲೇ ಆಗತ್ತೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು 70 ರೂಪಾಯಿಗೆ ಮಾಡ್ಕೊಡ್ತಾರೆ, ತಾತ ಅದನ್ನೇ ಇಷ್ಟಪಡ್ತಾರೆ, ಹಳೇ ಆಫೀಸಿನ ಸುದ್ದಿ ಕೇಳೋಕೆ. ಇನ್ನೊಂದು, ಕೇಂದ್ರದ ಪೆನ್ಷನ್ನಿಗೆ 80 ಆದಾಗ ಮೂಲ ಪೆನ್ಷನ್ನಿನ 20% ಜಾಸ್ತಿ, 85ಕ್ಕೆ 30%, 90ಕ್ಕೆ 40% ಸೇರತ್ತೆ, ಸೇರಿದೆಯಾ ಅಂತ ಪಾಸ್‌ಬುಕ್ ತೆಗೆದು ಒಂದ್ಸಲ ನೋಡಿ.

ಮನೆ ಪತ್ರ. ಅಜ್ಜಿ-ತಾತ ಬದುಕಿರೋ ತನಕ ಮನೆ ಅವ್ರ ಹೆಸರಲ್ಲೇ ಇರ್ಲಿ, ಯಾರಿಗೆ ಅಂತ ಇದ್ರೆ ವಿಲ್ ಬರೀಲಿ. ವಿಲ್‌ಗೆ ಛಾಪಾ ಕಾಗದ ಬೇಡ, ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡ್ಸಿದ್ರೆ ಒಳ್ಳೇದು, ಇಬ್ರು ಸಾಕ್ಷಿ ಮಾತ್ರ ಬೇಕೇ ಬೇಕು, ಮನಸ್ಸು ಬದಲಾದ್ರೆ ಬೇರೆ ಬರೀಬಹುದು. ದಾನಪತ್ರ ಹಂಗಲ್ಲ, ಮಾಡಿದ್ರೆ ಅವತ್ತಿಂದ ಮನೆ ಬೇರೆಯವ್ರದ್ದು. ಮಾಡ್ಲೇಬೇಕು ಅಂದ್ರೆ "ನನ್ನನ್ನ ನೋಡ್ಕೋಬೇಕು" ಅನ್ನೋ ಷರತ್ತು ಪತ್ರದಲ್ಲೇ ಬರ್ಸಿ, ಆವಾಗ ಕೈಬಿಟ್ರೆ 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಸೆಕ್ಷನ್ ಪ್ರಕಾರ ಪತ್ರ ರದ್ದು ಮಾಡಿ ಅಂತ ಉಪವಿಭಾಗಾಧಿಕಾರಿ, ಅಂದ್ರೆ ಎಸಿ ಅವ್ರ ನ್ಯಾಯಮಂಡಳೀಲಿ ಅರ್ಜಿ ಹಾಕ್ಬಹುದು. ಆ ಕಾಯ್ದೇಲಿ ಮಕ್ಕಳು ಅಂದ್ರೆ ವಯಸ್ಸಿಗೆ ಬಂದ ಮೊಮ್ಮಕ್ಕಳೂ ಸೇರ್ತಾರೆ, ಅಂದ್ರೆ ಜವಾಬ್ದಾರಿ ನಮ್ಮದೂ ಹೌದು.

ಮೋಸದ ಫೋನಿಗೆ ನಮ್ಮಲ್ಲಿ ಒಂದೇ ಪಾಠ: ದುಡ್ಡು, ಓಟಿಪಿ, ಪೊಲೀಸು, ಅರೆಸ್ಟು ಅನ್ನೋ ಮಾತು ಬಂದ್ರೆ ಫೋನ್ ಇಟ್ಟು ನಂಗೆ ಮಾಡಿ. ವೀಡಿಯೋ ಕಾಲಲ್ಲಿ ಅರೆಸ್ಟ್ ಮಾಡೋದು ಅನ್ನೋದು ಕಾನೂನಲ್ಲೇ ಇಲ್ಲ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಅಷ್ಟು ತಡೆಯೋ ಅವಕಾಶ ಇರತ್ತೆ. ಹೋಗಿದೆ ಅಂತ ಗೊತ್ತಾದ್ರೆ ಬೈಬೇಡಿ, ಬೈದ್ರೆ ಮುಂದಿನ ಸಲ ಮುಚ್ಚಿಡ್ತಾರೆ.

ಹಂತ 7: ದಿನಾ ಗೊತ್ತಾಗೋ ಹಂಗೆ ಒಂದು ಏರ್ಪಾಡು

ಮನೆ ಒಳಗೆ ಕ್ಯಾಮೆರಾ ಹಾಕೋಣ ಅಂತ ನಮ್ಮಲ್ಲೂ ಮಾತು ಬಂತು, ಅಜ್ಜಿ ಕೇಳಿದ್ರು "ನಾನು ಸೆರಗು ಸರಿ ಮಾಡ್ಕೊಳ್ಳೋದನ್ನೂ ನೀವು ಅಲ್ಲಿ ಕೂತು ನೋಡ್ತೀರಾ?" ಅಂತ. ಅಲ್ಲಿಗೆ ಬಿಟ್ವಿ, ಗೇಟಿಗೆ ಮಾತ್ರ ಒಂದಿದೆ. ಅದರ ಬದಲು ಹೀಗೆ ಮಾಡಿದ್ವಿ: ಬೆಳಗ್ಗೆ ಕಾಫಿ ಆದ್ಮೇಲೆ ಏಳು ಗಂಟೆಗೆ ಅಜ್ಜೀನೇ ನಮಗೆ ಒಂದು ಮಿಸ್ಡ್ ಕಾಲ್ ಕೊಡ್ತಾರೆ. ಏಳೂವರೆ ತನಕ ಬರ್ದಿದ್ರೆ ನಾವು ಮಾಡ್ತೀವಿ, ಎತ್ತದಿದ್ರೆ ಎದುರು ಮನೆಯವ್ರು ಕೀ ತಗೊಂಡು ಹೋಗಿ ನೋಡ್ತಾರೆ. ಅವ್ರು ನಮ್ಮನ್ನ ವಿಚಾರಿಸ್ಕೊಳ್ಳೋದು, ನಾವು ಅವ್ರನ್ನ ತಪಾಸಣೆ ಮಾಡೋದಲ್ಲ, ಇಷ್ಟೇ ವ್ಯತ್ಯಾಸ, ಆದ್ರೆ ಒಂದು ದಿನಾನೂ ತಪ್ಪಿಸಿಲ್ಲ.

ಅಜ್ಜಿಗೆ ದೊಡ್ಡ ಬಟನ್ನಿನ ಕೀಪ್ಯಾಡ್ ಫೋನು, 1 ಒತ್ತಿ ಹಿಡಿದ್ರೆ ಎದುರು ಮನೆ, 2 ಒತ್ತಿದ್ರೆ ಅಮ್ಮ, 3 ನಾನು, ಕತ್ತಿಗೆ ದಾರ ಹಾಕಿ ಬಚ್ಚಲಿಗೂ ತಗೊಂಡು ಹೋಗ್ಬೇಕು. ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ 108 ಆಂಬುಲೆನ್ಸ್, 112 ತುರ್ತು, 14567 ಹಿರಿಯರ ಸಹಾಯವಾಣಿ ಅಂತ ಬರ್ದು, ಕೆಳಗೆ ರಕ್ತದ ಗುಂಪು, ತಗೊಳ್ಳೋ ಮಾತ್ರೆ, ಅಲರ್ಜಿ. ಬೆಂಗಳೂರಲ್ಲೇ ಇರೋ ಹಿರಿಯರಿಗೆ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ನಡೆಸೋ 1090 ಸಹಾಯವಾಣಿ 2002ರಿಂದ ಇದೆ.

ಬಿದ್ರೆ ಏನ್ ಮಾಡ್ಬೇಕು ಅಂತ ಚೆನ್ನಾಗಿರೋವಾಗ್ಲೇ ಮಂಚದ ಮೇಲೆ ಅಭ್ಯಾಸ ಮಾಡ್ಸಿ. ದಡಬಡ ಏಳೋಕೆ ಹೋಗ್ಬಾರ್ದು, ಮೊದ್ಲು ಉಸಿರು ತಗೊಂಡು ಎಲ್ಲಿ ನೋವಿದೆ ನೋಡ್ಕೋಬೇಕು, ಪಕ್ಕಕ್ಕೆ ಹೊರಳಿ, ಅಂಬೆಗಾಲಲ್ಲಿ ಗಟ್ಟಿ ಕುರ್ಚಿ ತನಕ ಹೋಗಿ, ಕೈ ಊರಿ, ಗಟ್ಟಿ ಕಾಲು ಮುಂದಿಟ್ಟು ಏಳ್ಬೇಕು. ಸೊಂಟದ ಹತ್ರ ನೋವಿದ್ರೆ, ಕಾಲು ಎತ್ತೋಕೆ ಆಗ್ದಿದ್ರೆ ಅಲುಗಾಡದೆ 108 ಕರೀಬೇಕು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ತಲೆಗೆ ಪೆಟ್ಟು ಮಾಡ್ಕೊಂಡ್ರೆ, ನೋಡೋಕೆ ಚೆನ್ನಾಗೇ ಇದ್ರೂ ಆಸ್ಪತ್ರೆಗೆ ಹೋಗ್ಲೇಬೇಕು, ಒಳಗಡೆ ರಕ್ತ ಸೋರೋದು ಗಂಟೆಗಟ್ಲೆ ಆದ್ಮೇಲೆ ಗೊತ್ತಾಗ್ಬಹುದು.

ಹಂತ 8: ಕೆಲಸಕ್ಕೆ ಜನ ಇಟ್ಕೊಂಡ್ರೆ

ದಿನಕ್ಕೆ ಎರಡು ಗಂಟೆ ಬರೋ ಊರಿನವ್ರೇ ಒಬ್ರು ಇದ್ರೆ ಸಾಕು. ಏನೇನು ಮಾಡ್ಬೇಕು ಅಂತ ಅಜ್ಜೀನೇ ಹೇಳ್ಲಿ, ಸಂಬಳ ಅಜ್ಜಿ ಕೈಯಿಂದಾನೇ ಹೋಗ್ಲಿ, ನಾವು ಬೆಂಗಳೂರಿಂದ ಫೋನ್‌ಪೇ ಮಾಡಿದ್ರೆ ಅವ್ರು ನಮ್ಮ ಮಾತು ಕೇಳ್ತಾರೆ, ಅಜ್ಜಿ ಮಾತಲ್ಲ. ಬಂದವ್ರಿಗೆ ಒಂದೇ ಸೂಚನೆ ಕೊಟ್ಟಿದೀವಿ, ಅಜ್ಜಿ ನಿಧಾನವಾಗಿ ಮಾಡ್ತಿದ್ರೆ ಕಾಯಿರಿ, ಕೈ ಹಾಕ್ಬೇಡಿ.

ಹಂತ 9: ಯಾವಾಗ ಸುಮ್ನಿರ್ಬಾರ್ದು

ಅವ್ರ ಇಷ್ಟ ಅಂತ ಎಲ್ಲಾದಕ್ಕೂ ಕಣ್ಣು ಮುಚ್ಕೊಳ್ಳೋದೂ ಪ್ರೀತಿ ಅಲ್ಲ. ಪಾತ್ರೆ ಪದೇ ಪದೇ ಸೀದು ಕರಕಲಾಗೋದು, ಒಂದೇ ಕರೆಂಟ್ ಬಿಲ್ಲು ಎರಡು ಸಲ ಕಟ್ಟೋದು, ದಿನಾ ಹೋಗೋ ದಾರಿ ತಪ್ಪೋದು, ಸೀರೆ ಕುಪ್ಪಸ ಸಡಿಲ ಆಗೋ ಅಷ್ಟು ತೂಕ ಇಳಿಯೋದು, ಸ್ನಾನ ಬಿಡೋದು, ತೀರಿಹೋದವ್ರನ್ನ ಊಟಕ್ಕೆ ಕರೆಯೋದು, ಇಂಥವು ಕಂಡ್ರೆ ವಯಸ್ಸಾಯ್ತು ಬಿಡಿ ಅನ್ಬೇಡಿ, ಡಾಕ್ಟ್ರಿಗೆ ತೋರ್ಸಿ. ಥೈರಾಯ್ಡು, ಬಿ12, ಮೂತ್ರದ ಸೋಂಕು, ಖಿನ್ನತೆ ಇವೆಲ್ಲ ಮರೆವಿನ ಥರಾನೇ ಕಾಣತ್ತೆ, ಇವಕ್ಕೆ ಔಷಧಿ ಇದೆ. ಎರಡೇ ದಿನದಲ್ಲಿ ದಿಢೀರ್ ಅಂತ ಗೊಂದಲ ಶುರುವಾದ್ರೆ ಅವತ್ತೇ ಹೋಗಿ. ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೇನೇ ಅನ್ಸಿದ್ರೆ ಬೆಂಗಳೂರಿನ ನಿಮ್ಹಾನ್ಸಲ್ಲಿ ಹಿರಿಯರನ್ನ ನೋಡೋ ಮನೋವೈದ್ಯರು ಇದಾರೆ. ಆವಾಗ್ಲೂ ಒಂದೇ ಸಲ ಎಲ್ಲ ಬದಲಾಯ್ಸೋದು ಬೇಡ, ಮೊದ್ಲು ರಾತ್ರಿಗೆ ಒಬ್ರು, ಆಮೇಲೆ ಗ್ಯಾಸು, ಆಮೇಲೆ ದುಡ್ಡು, ಹಿಂಗೆ ಒಂದೊಂದಾಗಿ ಅವ್ರ ಜೊತೆ ಮಾತಾಡ್ಕೊಂಡೇ ಮಾಡಿ.

ನಾವು ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತೆ ದೀಪಾವಳಿಗೆ ಹೋದಾಗ ಇಡೀ ಮನೆ ಒಂದು ಸುತ್ತು ಹಾಕ್ತೀವಿ, ಹಿಡಿಕೆ ಬೋಲ್ಟು, ಕೋಲಿನ ರಬ್ಬರು, ಮಾತ್ರೆ ಚೀಲ, ಸೆನ್ಸರ್ ಲೈಟಿನ ಚಾರ್ಜು, ಗೆರೆ ಎಳೆದು 3 ಮೀಟರ್ ನಡಿಗೆ. ಈ ಯುಗಾದಿಗೆ ತಾತ 16 ಸೆಕೆಂಡ್ ತಗೊಂಡ್ರು, ಕಳೆದ ಸಲಕ್ಕಿಂತ ಎರಡು ಜಾಸ್ತಿ, ಹಂಗಾಗಿ ತೋಟಕ್ಕೆ ಹೋಗೋ ದಾರಿಗೆ ಹಗ್ಗದ ಬದ್ಲು ಜಿಐ ಪೈಪಿನ ಕಂಬಿ ಹಾಕ್ಸೋದು ಅಂತ ಆಗಿದೆ, ತೆಂಗಿನಕಾಯಿ ಲೆಕ್ಕ ಅವ್ರೇ ಬರ್ಕೊಳ್ಳೋಕೆ. ಕಂಬಿ ಎಷ್ಟು ಎತ್ತರ ಇರ್ಬೇಕು ಅಂತ ಅವ್ರೇ ಕೋಲಲ್ಲಿ ಅಳತೆ ಹಾಕಿ ಮರಕ್ಕೆ ಸುಣ್ಣದ ಗುರುತು ಮಾಡಿಟ್ಟಿದಾರೆ, ಮುಂದಿನ ಶನಿವಾರ ವೆಲ್ಡಿಂಗಿನವ್ರನ್ನ ಕರ್ಕೊಂಡು ಹೋಗ್ಬೇಕು.